ಆರಿಸಿದ ದೀಪ

'ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು' ಎಂಬ ಗಾದೆಯನ್ನು ನಾವೆಲ್ಲ ನಗುತ್ತಲೇ ಹೇಳುತ್ತೇವೆ. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸುವವರೂ ನಾವೇ. ಆದರೆ ಒಂದು ಸುಳ್ಳನ್ನೂ ಆಡದೆ, ಗೊತ್ತಿದ್ದೂ ಸುಮ್ಮನಿದ್ದುಬಿಟ್ಟರೆ ಅದು ತಪ್ಪೇ? ಈ ಪ್ರಶ್ನೆ ನನ್ನನ್ನು ಕಾಡಿದ್ದು ಮದುವೆ ಮನೆಯಲ್ಲಲ್ಲ, ಹಳೆಯ ಕಾರೊಂದರ ದೆಸೆಯಿಂದ.

ನನ್ನ ತಂಗಿಯ ಮಗನ ಹತ್ತಿರ ಎರಡೇ ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರೊಂದಿತ್ತು. ಮಳೆಗಾಲದಲ್ಲಿ ಅವನು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುತ್ತಿದ್ದಾಗ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವ ಮಂಡಗದ್ದೆಯ ಹತ್ತಿರ, ಎಂಜಿನ್ ಚಿತ್ರದ ಹಳದಿ ದೀಪ ಮಿಣುಕತೊಡಗಿತು. ಅದು ಒಂದೇ ಸಮನೆ ಉರಿದರೆ 'ಬೇಗ ತೋರಿಸು' ಎಂದರ್ಥ. ಮಿಣುಕಿದರೆ 'ವೇಗ ತಗ್ಗಿಸು, ನಿಲ್ಲಿಸು' ಎಂದು. ಯಾವುದೋ ಸಿಲಿಂಡರಿನಲ್ಲಿ ಕಿಡಿ ಹತ್ತುತ್ತಿಲ್ಲ. ಉರಿಯದ ಪೆಟ್ರೋಲು ಹೊಗೆಕೊಳವೆಗೆ ಇಳಿದು, ಅಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಎಂದು.

ಮೆಕ್ಯಾನಿಕ್ ಸ್ಟೀರಿಂಗಿನ ಕೆಳಗಿನ 16 ಪಿನ್ನಿನ ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸಿದ. ಅಮೆರಿಕದಲ್ಲಿ 1996ರ ಮಾದರಿಯಿಂದ ಎಲ್ಲ ಕಾರುಗಳಿಗೂ ಇಂಥ ಏರ್ಪಾಡು ಕಡ್ಡಾಯವಾಯಿತು. ನಮ್ಮಲ್ಲಿ 2010ರ ನಂತರ ಹಂತ ಹಂತವಾಗಿ. ಬಂದದ್ದು 'ಪಿ 0302', ಅಂದರೆ ಎರಡನೆಯ ಸಿಲಿಂಡರಿನಲ್ಲಿ ಮಿಸ್‌ಫೈರ್. ಆತ ತಕ್ಷಣ ಏನನ್ನೂ ಬದಲಿಸಲಿಲ್ಲ. ಎರಡನೆಯದರ ಇಗ್ನಿಷನ್ ಕಾಯಿಲನ್ನು ಮೂರನೆಯದಕ್ಕೂ, ಮೂರನೆಯದನ್ನು ಎರಡನೆಯದಕ್ಕೂ ಹಾಕಿ ಮತ್ತೆ ಓಡಿಸಿದ. ಈ ಸಲ 'ಪಿ 0303' ಬಂತು. ದೋಷ ಕಾಯಿಲಿನ ಜೊತೆಗೇ ಜಾಗ ಬದಲಿಸಿತ್ತು! ದೂರು ಬಂದ ಮನೆಯೇ ತಪ್ಪು ಮಾಡಿದೆ ಎಂದು ತೀರ್ಮಾನಿಸದ ಆ ತಾಳ್ಮೆ ನಮ್ಮ ಮನೆಗಳ ಪಂಚಾಯಿತಿಗಳಲ್ಲೂ ಇದ್ದಿದ್ದರೆ ಎನ್ನಿಸಿತು.

ಹೊಸ ಕಾಯಿಲು ಹಾಕಿದ ಮೇಲೆ ಮಿಣುಕುವುದು ನಿಂತಿತು. ಕೆಲವು ದಿನಗಳ ನಂತರ ದೀಪ ಮತ್ತೆ ಹತ್ತಿ, ಆರದೆ ಉರಿಯಿತು. ಈಗ 'ಪಿ 0420': ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಅನುಮಾನ. ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂನಂಥ ಲೋಹಗಳಿರುವುದರಿಂದ ಬೆಲೆ ಬಹಳ. ಆದರೆ ಕೋಡ್ ಹೇಳುವುದು ಅನುಮಾನವೇ ಹೊರತು ತೀರ್ಪಲ್ಲ. ಕನ್ವರ್ಟರಿನ ಹಿಂದಿನ ಆಕ್ಸಿಜನ್ ಸೆನ್ಸರ್ ಕೆಟ್ಟಿರಬಹುದು, ಹೊಗೆಕೊಳವೆ ಎಲ್ಲೋ ಸೋರುತ್ತಿರಬಹುದು.

ಅಷ್ಟರಲ್ಲಿ ಹುಡುಗ ಕಾರನ್ನು ಮಾರಲು ನಿಶ್ಚಯಿಸಿದ್ದ. ಕೋಡ್ ಅಳಿಸಿದರೆ ದೀಪ ಆರುತ್ತದೆ. ಕಾರಿನ ಕಂಪ್ಯೂಟರು ತನ್ನ ಪರೀಕ್ಷೆಗಳನ್ನೆಲ್ಲ ಮತ್ತೆ ಮುಗಿಸುವವರೆಗೆ, ಅಂದರೆ ಕೆಲವು ಓಡಾಟಗಳಾಗುವವರೆಗೆ ಹತ್ತುವುದಿಲ್ಲ ಎಂದು ಯಾರೋ ಸ್ನೇಹಿತ ಹೇಳಿಕೊಟ್ಟಿದ್ದ. 'ದೊಡ್ಡಮ್ಮ, ನಾನೇನೂ ಸುಳ್ಳು ಹೇಳಲ್ವಲ್ಲ. ಕೇಳಿದ್ರೆ ಹೇಳ್ತೀನಿ' ಎಂದ.

ಕಾನೂನು ಅರ್ಧ ಅವನ ಕಡೆಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೆಯ ಕಲಮಿನಲ್ಲಿ ಕುದುರೆಯೊಂದರ ಉದಾಹರಣೆ ಬರುತ್ತದೆ. ಒಬ್ಬ ತನ್ನ ಕುದುರೆಗೆ ಊನವಿದೆಯೆಂದು ತಿಳಿದೂ ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ ಅದು ವಂಚನೆಯಲ್ಲ. ಆದರೆ ಅದೇ ಕಲಮಿನ ಪ್ರಕಾರ, ತಿಳಿದದ್ದನ್ನು ಬೇಕೆಂದೇ ಮರೆಮಾಚುವುದು ವಂಚನೆ. ಸುಮ್ಮನಿರುವುದು ಬೇರೆ, ದೀಪ ಆರಿಸುವುದು ಬೇರೆ. ಕೊಳ್ಳುವವರು ಮೊದಲು ನೋಡುವುದೇ ಆ ದೀಪಗಳ ಸಾಲನ್ನು. ಅದೂ ಒಂದು ಪ್ರಶ್ನೆಯೇ. ಆರಿಸಿದ ದೀಪ ಅದಕ್ಕೆ ಕೊಡುವ ಉತ್ತರ ಸುಳ್ಳು. ನಮ್ಮ ಬಾಯಿ ಹೇಳದ ಸುಳ್ಳನ್ನು ಕಾರಿನಿಂದ ಹೇಳಿಸಿದಂತಾಯಿತಲ್ಲವೇ?

ಕುದುರೆಯ ಉದಾಹರಣೆ ಮುಂದುವರಿಯುತ್ತದೆ. ಕೊಳ್ಳುವವಳು ಆಗತಾನೇ ಪ್ರಾಯಕ್ಕೆ ಬಂದ ಸ್ವಂತ ಮಗಳಾಗಿದ್ದರೆ, ಊನವನ್ನು ತಿಳಿಸುವುದು ಮಾರುವವನ ಕರ್ತವ್ಯ. ಆ ಸಂಬಂಧವೇ ಹಾಗೆ, ನಂಬಿಕೆಯದು. ಇದನ್ನು ಓದಿ ನನಗೆ ನಗುವೂ ಸಂಕಟವೂ ಬಂತು. ಕಾಯ್ದೆ ಮಗಳಿಗೆ ಎಲ್ಲರಿಗಿಂತ ಹೆಚ್ಚು ಸತ್ಯ ಸಲ್ಲಬೇಕೆನ್ನುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಎಲ್ಲರಿಗಿಂತ ಕಡಿಮೆ ಸತ್ಯ ಸಿಗುವುದು ಅವಳಿಗೇ. ವರನ ಕುಡಿತ, ಸಾಲ, ಕಾಯಿಲೆ ಹಿರಿಯರ ಕಿವಿಗೆ ಬಿದ್ದಿರುತ್ತದೆ. 'ಮದುವೆಯಾದ ಮೇಲೆ ಸರಿಹೋಗುತ್ತೆ' ಎಂದು ದೀಪ ಆರಿಸುತ್ತಾರೆ. ಹೆಣ್ಣಿನ ಕಡೆಯವರೂ ತಮ್ಮ ದೀಪವೊಂದನ್ನು ಆರಿಸಿರುವುದುಂಟು. ಆರಿಸಿದವರು ಚಪ್ಪರದಲ್ಲೇ ಇಳಿದುಬಿಡುತ್ತಾರೆ. ಮಳೆಯಲ್ಲಿ ಘಾಟಿ ಇಳಿಯಬೇಕಾದವರು ಆ ಇಬ್ಬರೇ.

ಬರೀ ಅನುಮಾನವನ್ನು ಹೇಳಿ ಒಳ್ಳೆಯ ಸಂಬಂಧ ಕೆಡಿಸುವುದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತೇ. ಆದರೆ ಅನುಮಾನವನ್ನು ಅನುಮಾನವೆಂದೇ ಹೇಳಬಹುದಲ್ಲ: 'ಈ ದೀಪ ಉರಿಯುತ್ತಿದೆ, ಇಷ್ಟು ನೋಡಿಸಿದ್ದೇವೆ, ಇಷ್ಟು ನಮಗೂ ತಿಳಿಯದು.' ಬೇಡವೆನ್ನುವ ಹಕ್ಕೂ, ಒಪ್ಪಿ ಕರೆದೊಯ್ಯುವ ಹಕ್ಕೂ ಆಗ ಕೇಳಿದವರಿಗೆ ಉಳಿಯುತ್ತದೆ.

ಹುಡುಗ ಕೊನೆಗೆ ದೀಪ ಉರಿಯುತ್ತಿದ್ದಂತೆಯೇ ಕಾರನ್ನು ಮಾರಿದ. ಬೆಲೆ ಕಡಿಮೆಯಾಯಿತೆಂದು ನನ್ನ ಮೇಲೆ ಸ್ವಲ್ಪ ಮುನಿಸೂ ಇತ್ತು. ನಷ್ಟವೇನೋ ನಿಜ. ಆದರೆ ಮುಚ್ಚಿಟ್ಟಿದ್ದರೆ ಆ ನಷ್ಟ ಇಲ್ಲವಾಗುತ್ತಿರಲಿಲ್ಲ. ಏನೂ ಅರಿಯದ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತಿತ್ತು, ಅಷ್ಟೆ.