ತೊಳೆಯುವುದನ್ನು ತೊಳೆಯುವವರು ಯಾರು?

ಮಡಿಬಟ್ಟೆಯನ್ನು ಬಾವಿಕಟ್ಟೆಯಲ್ಲಿ ಹಿಂಡಿ, ಕೋಲಿನಿಂದ ಎತ್ತರದ ಗಳುವಿಗೆ ಏರಿಸುತ್ತಿದ್ದ ಎಷ್ಟೋ ಮನೆಗಳಲ್ಲಿ ಈಗ ಫ್ರಂಟ್‌ಲೋಡ್ ವಾಷಿಂಗ್ ಮಷಿನ್ ಇದೆ. ಅದರಿಂದ ತೆಗೆದ ಪಂಚೆ ಮುಗ್ಗಲು ವಾಸನೆ ಹೊಡೆದರೆ, ಯಾರೂ ಮುಟ್ಟದಂತೆ ಒಣಗಿಸಿದರೂ ಅದು ಮಡಿಯೇ?

ಆಚಾರದ ಮಡಿ ಮುಟ್ಟುವುದನ್ನು ಗಮನಿಸುತ್ತದೆ. ಮೂಗು ಬೇರೆಯದನ್ನೇ ಹೇಳುತ್ತದೆ. ಮಷಿನ್ನಿನ ಬಾಗಿಲಿನ ರಬ್ಬರ್ ಪಟ್ಟಿಯ ಮಡಿಕೆಯಲ್ಲಿ ನೀರು ನಿಲ್ಲುತ್ತದೆ. ಹೆಚ್ಚಾದ ಸೋಪಿನ ಪುಡಿ, ಮೈಯ ಜಿಡ್ಡು, ಕೂದಲು ಸೇರಿ ಲೋಳೆಯಾಗುತ್ತದೆ. ತಣ್ಣೀರಿನ ಒಗೆತಕ್ಕೆ ಅದರೊಳಗಿನ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ. ಒಗೆದ ಬಟ್ಟೆಯ ಕಮಟು ನಾತಕ್ಕೆ ಮೊರಾಕ್ಸೆಲ್ಲಾ ಆಸ್ಲೊಯೆನ್ಸಿಸ್ ಎಂಬ ಸೂಕ್ಷ್ಮಜೀವಿಯೂ ಕಾರಣ.

ಬರಿಯ ಬಟ್ಟೆಯ ಮಡಿಯನ್ನು ಪುರಂದರದಾಸರು 16ನೇ ಶತಮಾನದಲ್ಲೇ ಕಟುವಾಗಿ ಪ್ರಶ್ನಿಸಿದ್ದರು. ಅವರ ಕಣ್ಣು ಇದ್ದದ್ದು ಮನಸ್ಸಿನ ಕೊಳೆಯ ಮೇಲೆ. ಆದರೂ ಶುದ್ಧಿ ಕೊಡುವ ಸಾಧನಕ್ಕೂ ಆ ಪ್ರಶ್ನೆ ಸಲ್ಲುತ್ತದೆ: ಶುದ್ಧಿಯನ್ನು ಗಳಿಸಿ ಕೂಡಿಡಲಾಗದು, ಮತ್ತೆ ಮತ್ತೆ ಮಾಡುತ್ತಲೇ ಇರಬೇಕು.

ಹಾಗಾಗಿ ಮಷಿನ್ನಿನ ರಬ್ಬರಿನ ಮಡಿಕೆ ಬಿಡಿಸಿ ಒರೆಸಬೇಕು. ಪುಡಿ ಹಾಕುವ ಡ್ರಾಯರ್, ಕೆಳಗಿನ ಫಿಲ್ಟರ್ ತೊಳೆದು, ಖಾಲಿ ಡ್ರಮ್ಮನ್ನು 60 ಡಿಗ್ರಿ ಅಥವಾ ಅದಕ್ಕೂ ಹೆಚ್ಚಿನ ಬಿಸಿನೀರಿನಲ್ಲಿ ಓಡಿಸಬೇಕು. ಹೀಗೆ ಶುಚಿ ಮಾಡುವಾಗ ಬ್ಲೀಚ್ ಜೊತೆ ವಿನೆಗರ್ ಎಂದೂ ಬೆರೆಸಕೂಡದು. ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಒಗೆದಾದ ಮೇಲೆ ಬಾಗಿಲು ತೆರೆದಿಡಬೇಕು, ಚಿಕ್ಕ ಮಕ್ಕಳಿದ್ದರೆ ಒಂದು ಕಣ್ಣಿಟ್ಟು.