ತೆಂಗಿನ ತೋಟದ ಎಚ್ಚರ ಯಾರದು?

ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಕಬ್ಬು, ಭತ್ತಗಳ ಜೊತೆಗೆ ತೆಂಗೂ ನೆಲೆಯೂರಿತು. ಈ ಸೀಮೆಯ ಎಳನೀರು ಮದ್ದೂರಿನ ಮಾರುಕಟ್ಟೆಯಿಂದ ಹೊರರಾಜ್ಯಗಳ ನಗರಗಳಿಗೂ ಹೋಗುತ್ತದೆ. ಇಂಥ ತೋಟಗಳ ಕಡುವೈರಿಗಳಲ್ಲಿ ಒಂದಾದ ಕೆಂಪು ಮೂತಿ ಹುಳು ಕಾಂಡದ ಗಾಯದಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಒಳಗೊಳಗೇ ತಿರುಳನ್ನು ತಿನ್ನುತ್ತಿದ್ದರೂ ಹೊರಗೆ ಗರಿಗಳು ಹಸಿರಾಗಿಯೇ ಇರುತ್ತವೆ. ಕಂದು ರಸ ಸೋರಿ ಸುಳಿ ಬಾಡುವ ಹೊತ್ತಿಗೆ ಬಹುಪಾಲು ಮರಗಳ ಕಾಲ ಮೀರಿರುತ್ತದೆ. ಇದೇ ಹುಳು ಕಾಡುವ ಪಶ್ಚಿಮ ಏಷ್ಯಾದ ಖರ್ಜೂರದ ತೋಟಗಳಲ್ಲಿ, ಕಾಂಡಕ್ಕೆ ಸೆನ್ಸರ್, ಅಂದರೆ ಕಂಪನ, ತೇವ, ಶಾಖಗಳ ಬದಲಾವಣೆಯನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಉಪಕರಣವನ್ನು ಅಳವಡಿಸಿ, ಮರಿಹುಳು ನಾರನ್ನು ಅಗಿಯುವ ಸಣ್ಣ ಅದುರನ್ನು ಮೊದಲೇ ಹಿಡಿಯುವ ಕ್ರಮ ಬಂದಿದೆ. ಹಣ್ಣಿನ ತೋಟಗಳ ಸಾಲುಗಳಲ್ಲಿ ಕ್ಯಾಮೆರಾ ಹೊತ್ತ ರೋಬಾಟುಗಳು ಎಲೆ, ಕಾಯಿಗಳನ್ನು ಗಮನಿಸುತ್ತ ಸಾಗುತ್ತವೆ. ಮರದ ನೋವನ್ನು ಯಂತ್ರ ಅರಿಯಬಲ್ಲದಾದರೆ ಮನುಷ್ಯನ ಹೊಣೆ ಹಗುರವಾಗುವುದೋ, ಭಾರವಾಗುವುದೋ?

ಈ ಪ್ರಶ್ನೆಯನ್ನು ಅಳೆಯುವ ಮಾನದಂಡ ಈ ನೆಲದಲ್ಲಿಯೇ ಇದೆ. ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದ ಬಾಹುಬಲಿ ಈ ಸೀಮೆಯಲ್ಲಿ ಜೈನಧರ್ಮ ಬೇರೂರಿದ್ದುದಕ್ಕೆ ಸಾಕ್ಷಿ. ಜೈನ ದರ್ಶನದಲ್ಲಿ ಮರವು ಏಕೇಂದ್ರಿಯ ಜೀವ, ಅಂದರೆ ಸ್ಪರ್ಶವೆಂಬ ಒಂದೇ ಇಂದ್ರಿಯವುಳ್ಳದ್ದು. ಅದು ಸ್ಥಾವರವೂ ಹೌದು, ಅಂದರೆ ಇದ್ದಲ್ಲಿಂದ ಕದಲಲಾರದ್ದು. ಮಹಾಭಾರತದ ಶಾಂತಿಪರ್ವದಲ್ಲಿ ಭೃಗುವು ಭರದ್ವಾಜನಿಗೆ ಮರಗಳು ಕೇಳುತ್ತವೆ, ಮೂಸುತ್ತವೆ, ಸವಿಯುತ್ತವೆ ಎನ್ನುತ್ತ ಅವುಗಳಿಗೆ ಐದೂ ಇಂದ್ರಿಯಗಳಿವೆ ಎಂದು ಹೇಳುತ್ತಾನೆ. ಆದರೆ ನೀತಿಯ ದೃಷ್ಟಿಯಿಂದ ಇಂದ್ರಿಯಗಳ ಲೆಕ್ಕಕ್ಕಿಂತ ಸ್ಥಾವರತ್ವವೇ ಹಿರಿದಾದ ಸಂಗತಿ. ಪೆಟ್ಟು ಬಿದ್ದಾಗ ಓಡಲಾರದ, ಕೂಗಲಾರದ ಜೀವದ ವಿಷಯದಲ್ಲಿ ಎಚ್ಚರವೆಲ್ಲವೂ ಓಡಾಡಬಲ್ಲ ಜೀವದ ಪಾಲಿಗೇ ಬರುತ್ತದೆ. ಹನ್ನೊಂದನೆಯ ಶತಮಾನದ ಚಾವುಂಡರಾಯನು ಕನ್ನಡದ ತನ್ನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ, ಎಂದರೆ ಮರಗಿಡಗಳ ಆರೈಕೆಯ ಶಾಸ್ತ್ರಕ್ಕೆ, ಎಡೆ ಕೊಟ್ಟದ್ದನ್ನು ಈ ಬೆಳಕಿನಲ್ಲಿಯೂ ಓದಬೇಕು.

ತೊಡಕು ಇರುವುದು ಮುಂದೆ. ಜೈನರ ‘ತತ್ತ್ವಾರ್ಥಸೂತ್ರ’ದ ಗಣನೆಯಲ್ಲಿ ಕೃಮಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು ಇಂದ್ರಿಯಗಳು, ಹಾಗಿರುವಾಗ ಒಂದೇ ಇಂದ್ರಿಯದ ಮರವನ್ನು ಉಳಿಸಲು ಅದಕ್ಕಿಂತ ಹೆಚ್ಚು ಇಂದ್ರಿಯಗಳ ಹುಳುಗಳನ್ನು ಕೊಲ್ಲುವುದು ಹೇಗೆ ಸಲ್ಲುತ್ತದೆ? ಗೃಹಸ್ಥನು ಬಿಡಲೇಬೇಕಾದದ್ದು ಕೊಲ್ಲಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು. ಬೇಸಾಯದಲ್ಲಿ ತಪ್ಪದೆ ಒದಗುವ ಉದ್ಯೋಗೀ ಹಿಂಸೆಯನ್ನು ಆದಷ್ಟು ಕುಗ್ಗಿಸಿದರೆ ಸಾಕು ಎಂಬುದು ಸಂಪ್ರದಾಯದ ಉತ್ತರ. ಹುಳು ಬಲಿತು ದುಂಬಿಗಳಾಗಿ ನೆರೆಯ ತೋಟಗಳಿಗೆ ಹಾರಿದ ಮೇಲೆ ಮರವನ್ನೇ ಕಡಿದು ಸುಡಬೇಕಾಗುತ್ತದೆ, ಸುತ್ತಲೂ ಔಷಧಿ ಹೊಡೆಯಬೇಕಾಗುತ್ತದೆ. ಮೊದಲ ಅದುರಿನಲ್ಲೇ ತಿಳಿದರೆ ಒಂದು ಮರದ ಚಿಕಿತ್ಸೆಯಲ್ಲಿ ಮುಗಿಯುತ್ತದೆ. ಬೇಗ ತಿಳಿಯುವುದೇ ಇಲ್ಲಿ ಹಿಂಸೆಯನ್ನು ಕುಗ್ಗಿಸುವ ದಾರಿಯಾಗಿರುವುದರಿಂದ ಸೆನ್ಸರ್‌ಗೆ ಧಾರ್ಮಿಕ ಬೆಲೆಯೂ ಇದೆ ಎನ್ನಬಹುದು.

ಆದರೂ ಅದೇ ‘ತತ್ತ್ವಾರ್ಥಸೂತ್ರ’ವು ಹಿಂಸೆಯನ್ನು ಪ್ರಮಾದದೊಂದಿಗೆ, ಎಂದರೆ ಎಚ್ಚರಗೇಡಿತನದೊಂದಿಗೆ, ಕೂಡಿಸಿಯೇ ನಿರೂಪಿಸುತ್ತದೆ. ಯಂತ್ರವು ಮೈಮರೆಯುವ ಜೀವವಲ್ಲವಾದ್ದರಿಂದ ಎಚ್ಚರವಾಗಿದೆ ಎಂಬ ಮಾತೂ ಅದಕ್ಕೆ ಸಲ್ಲದು. ಅದು ಸುದ್ದಿಯನ್ನಷ್ಟೇ ತಲುಪಿಸುತ್ತದೆ, ಎಚ್ಚರವು ಸುದ್ದಿ ಪಡೆದವನಲ್ಲಿ ಹುಟ್ಟಬೇಕು. ಹಿಂದೆ ಒಳಗಿನ ಹುಳುವನ್ನು ಕಾಣದ ರೈತನ ಅಜ್ಞಾನ ಕ್ಷಮ್ಯವಾಗಿತ್ತು. ಸಂಕೇತ ಬಂದ ಮೇಲೂ ಸುಮ್ಮನಿದ್ದವನಿಗೆ ಆ ಆಸರೆಯಿಲ್ಲ. ತೆಂಗಿನ ಸ್ವಭಾವವೇ ಇದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ: ಹೊಂಬಾಳೆ ಸುಳಿಯೊಳಗೆ ಮೊಳೆತಂದಿನಿಂದ ಕಾಯಿ ಬಲಿಯುವವರೆಗೆ ಮೂರು ವರ್ಷಕ್ಕೂ ಮೀರಿದ ಕಾಲ ಬೇಕಾಗುವುದರಿಂದ, 2023ರಂಥ ಬರದ ಪೆಟ್ಟು ಮುಂದಿನ ವರ್ಷಗಳ ಗೊನೆಗಳಲ್ಲಿಯೂ ಕಾಣುತ್ತದೆ. ಮಣ್ಣಿನ ತೇವ ಇಳಿದ ದಿನವೇ ಬರುವ ಸಂಕೇತವು, ಹೀಗಾಗಿ, ಇನ್ನೂ ಕಣ್ಣಿಗೆ ಬೀಳದ ನಷ್ಟದ ಮಾತಾಗಿರುತ್ತದೆ.

ದುಡಿಮೆಗೆಂದು ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದ ಒಡೆಯರ ತೋಟಗಳಲ್ಲಿ ಈ ವಿಚಾರ ಬರಿಯ ಶಾಸ್ತ್ರಚರ್ಚೆಯಾಗಿ ಉಳಿಯದು. ಸಂಕೇತವು ಒಡೆಯನ ಮೊಬೈಲಿಗೆ ಮಾತ್ರ ಹೋಗಿ, ನೀರು ಕಟ್ಟುವವನಿಗೂ ಮರ ಹತ್ತುವವನಿಗೂ ತಿಳಿಯದೆ ಹೋದರೆ, ಅರಿವು ಒಬ್ಬನಲ್ಲಿ, ಕೈ ಇನ್ನೊಬ್ಬನಲ್ಲಿ ಉಳಿದು, ಮರದ ಪಾಲಿಗೆ ಇಬ್ಬರೂ ಇಲ್ಲದಂತಾಗುತ್ತದೆ. ಆದುದರಿಂದ ಇಂಥ ಉಪಕರಣವನ್ನು ನೆಡುವ ಮೊದಲು, ಅದರ ಸುದ್ದಿ ತೋಟದಲ್ಲಿ ದುಡಿಯುವವನಿಗೆ ಅವನಿಗೆ ತಿಳಿಯುವ ಕನ್ನಡದಲ್ಲಿ ತಲುಪುವುದೆಂದೂ, ಒಡೆಯನನ್ನು ಕೇಳಲು ಕಾಯದೆ ಅಂದೇ ಚಿಕಿತ್ಸೆ ಮಾಡುವ ಅಧಿಕಾರ ಅವನಿಗಿದೆಯೆಂದೂ ಗೊತ್ತುಪಡಿಸಬೇಕು.