ಇಂದಿನ ಚಿಂತನೆ: ಕೈ ಕುಲುಕಿಸಿದರೆ ಶಾಂತಿಯೇ?

 

ಹೋದ ವರ್ಷ ನನ್ನ ತರಗತಿಯ ಇಬ್ಬರು ಹುಡುಗರು ಹೊಡೆದಾಡಿಕೊಂಡರು. "ಮೊದಲು ಕೈ ಮಾಡಿದ್ದು ಯಾರು?" ಎಂದಷ್ಟೇ ಕೇಳಿ, ಇಬ್ಬರನ್ನೂ ಗದರಿಸಿ ಕೈ ಕುಲುಕಿಸಿದೆ. ಗಲಾಟೆ ನಿಂತಿತು. ವಾರದೊಳಗೆ ಅವರಲ್ಲೊಬ್ಬ ಶಾಲೆಗೆ ಬರುವುದನ್ನೇ ಬಿಟ್ಟ. ಇನ್ನೊಬ್ಬ ದಿನವೂ ಅವನ ಜಾತಿ ಎತ್ತಿ ಹಂಗಿಸುತ್ತಿದ್ದ ಎಂದು ನನಗೆ ತಿಳಿದದ್ದು ಆಮೇಲೆ.

ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಶಾಂತಿ ಅಧ್ಯಯನ ವಿಭಾಗ ಆರಂಭವಾಯಿತು. ಅದರ ಮೊದಲ ಪ್ರಾಧ್ಯಾಪಕರು ಆಡಮ್ ಕರ್ಲ್. ನೈಜೀರಿಯಾದ ಅಂತರ್ಯುದ್ಧದಲ್ಲಿ ಎರಡೂ ಕಡೆಯವರ ನಡುವೆ ಓಡಾಡಿ ಸಂಧಾನಕ್ಕೆ ಯತ್ನಿಸಿದವರು. ಬಲಾಬಲ ಸಮವಿಲ್ಲದ ಕಡೆ ನೇರವಾಗಿ ರಾಜಿಗೆ ಕೂರಿಸಿದರೆ ಶಾಂತಿ ಬಾರದು ಎಂದರು ಅವರು. ಮೊದಲು ತುಳಿತಕ್ಕೆ ಸಿಕ್ಕವರಿಗೆ ತಮ್ಮ ಸ್ಥಿತಿಯ ಅರಿವಾಗಬೇಕು, ಅವರು ಪ್ರಶ್ನಿಸುವಂತಾಗಬೇಕು, ಮಾತುಕತೆ ಆಮೇಲೆ. ಇದನ್ನು ತರಗತಿಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ಎಪ್ಪತ್ತು ದಾಟಿದ ಮೇಲೂ ಯುದ್ಧದಿಂದ ನಲುಗಿದ ಕ್ರೊಯೇಷಿಯಾದ ಓಸಿಯೆಕ್‌ಗೆ ಹೋಗಿ ಅಲ್ಲಿನ ಶಾಂತಿ ಕಾರ್ಯಕರ್ತರ ಜೊತೆ ನಿಂತರು.

ರೋಹಿಣಿ ನದಿಯ ನೀರಿಗಾಗಿ ಕಾದಾಡಲು ಹೊರಟ ಶಾಕ್ಯರೂ ಕೋಲಿಯರೂ ಸರಿಸಮಾನರು. ನೀರು ಹೆಚ್ಚೋ ನೆತ್ತರು ಹೆಚ್ಚೋ ಎಂಬ ಬುದ್ಧರ ಪ್ರಶ್ನೆ ಅಲ್ಲಿ ಸಾಕಾಯಿತು. ನನ್ನ ಹುಡುಗರು ಸಮಾನರಾಗಿರಲಿಲ್ಲ. ಅಲ್ಲಿ ಎರಡೂ ಕಡೆಗೆ ಒಂದೇ ಬೈಗುಳ ಹಂಚಿದ್ದು ಮಧ್ಯಮ ಮಾರ್ಗವಲ್ಲ, ನನ್ನ ಸೋಮಾರಿತನ.

ಅವನ ಮನೆಗೆ ಮೂರು ಸಲ ಹೋದೆ. ಮೂರನೇ ಸಲ ಮಾತಾಡಿದ. ನಾನು ಸುಮ್ಮನೆ ಕೇಳಿದೆ. ಈಗ ಶಾಲೆಗೆ ಬರುತ್ತಿದ್ದಾನೆ. ನನ್ನನ್ನು ಪೂರ್ತಿ ನಂಬಿಲ್ಲ, ಅದು ನ್ಯಾಯವೇ.

ಇಂದಿನ ಅಭ್ಯಾಸ: ರಾಜಿ ಮಾಡಿಸುವ ಮುನ್ನ, ಬಾಯಿ ಬಿಡಲಾಗದವರ ಮಾತನ್ನು ಮೊದಲು ಕೇಳೋಣ.

ಭವತು ಸಬ್ಬ ಮಂಗಲಂ 🙏